ದಾನ ಕಡಿಮೆ ಮಾಡಿದರೆ ದೇವರು ಮುನಿಯುತ್ತಾನೆಯೇ?

ಪ್ರಶ್ನೆ: ನನಗೆ 52 ವರ್ಷ. ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ಯಜಮಾನರು ನಾಲ್ಕು ಎಕರೆ ತೆಂಗಿನ ತೋಟ ನೋಡಿಕೊಳ್ಳುತ್ತಾರೆ. 2021ರಲ್ಲಿ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಐಸಿಯು ಬಾಗಿಲಲ್ಲಿ ನಿಂತು, ಇವರು ಉಳಿದು ಬಂದರೆ ಬದುಕಿರುವವರೆಗೂ ನಮ್ಮ ಆದಾಯದ ಹತ್ತನೇ ಒಂದು ಪಾಲು ದಾನ ಮಾಡುತ್ತೇನೆ ಎಂದು ಹರಕೆ ಹೊತ್ತೆ. ಅಂದಿನಿಂದ ಒಂದು ತಿಂಗಳೂ ತಪ್ಪಿಸಿಲ್ಲ. ಸಂಬಳದಲ್ಲಿ 5,200, ಕೊಬ್ಬರಿ ಮಾರಿದಾಗ ಬಂದ ಹಣದಲ್ಲಿ ಹತ್ತನೇ ಒಂದು ಪಾಲು. 2023ರಲ್ಲಿ ಕೊಬ್ಬರಿ ಬೆಲೆ ಬಿದ್ದಾಗ ಹರಕೆ ನಿಲ್ಲಿಸಲು ಭಯವಾಗಿ, ಯಜಮಾನರಿಗೆ ತಿಳಿಸದೆ ಎರಡು ಬಳೆ ಅಡವಿಟ್ಟು 90,000 ಸಾಲ ತೆಗೆದೆ. ಆಮೇಲೆ ಬೆಲೆ ಏರಿತು, ಆದರೆ ನಮ್ಮ ಅಟ್ಟದಲ್ಲಿ ಕಾಯಿ ಇರಲಿಲ್ಲ. ಬಡ್ಡಿ ಕಟ್ಟಿ ನವೀಕರಿಸುತ್ತಿದ್ದೇನೆ. ಪಕ್ಕದ ಊರಿನ ಒಬ್ಬ ಹುಡುಗನಿಗೆ ಪಾಲಿಟೆಕ್ನಿಕ್ ಶುಲ್ಕಕ್ಕೆಂದು 35,000 ಕೈಗೆ ಕೊಟ್ಟೆ. ಅವನು ಒಂದೇ ವರ್ಷಕ್ಕೆ ಓದು ಬಿಟ್ಟು, ಕಾರ್ಖಾನೆ ಸೇರಿ, ಈಗ ಬೈಕಿನಲ್ಲಿ ಓಡಾಡುತ್ತಾನೆ. ಅಪಾತ್ರ ದಾನದ ಪಾಪ ನನಗೆ ತಟ್ಟುತ್ತದೆಯೇ? ದೇವಸ್ಥಾನದ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿದಾಗ ತುಂಬಾ ಸಂತೋಷವಾಯಿತು, ಆ ರಾತ್ರಿಯೇ ನಾಚಿಕೆಯೂ ಆಯಿತು. ಸಂತೋಷಪಟ್ಟರೆ ಪುಣ್ಯ ಹೋಗುತ್ತದೆ ಎನ್ನುತ್ತಾರೆ. ಕೊಟ್ಟದ್ದರ ಲೆಕ್ಕ ಇಡಬಾರದು ಎಂದೂ ಯಾರೋ ಹೇಳಿದರು. ಹರಕೆ ಕಡಿಮೆ ಮಾಡಿದರೆ ಯಜಮಾನರಿಗೆ ಮತ್ತೆ ಏನಾದರೂ ಆದೀತೆಂಬ ಭಯ. ಹಣ ಸಾಲದೆ ಆರು ತಿಂಗಳಿಂದ ಅವರ ತಪಾಸಣೆಗೂ ಹೋಗಿಲ್ಲ. ಏನು ಮಾಡಲಿ?

ಉತ್ತರ: ಅಮ್ಮ, ನೀವು ಕೇಳಿರುವುದು ದಾನದ ಬಗ್ಗೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಪತ್ರದ ಕೊನೆಯ ಸಾಲಿಗೆ ಹಿಂದಿನ ಸಾಲು. ಆರು ತಿಂಗಳಿಂದ ತಪಾಸಣೆ ಇಲ್ಲ ಎಂದಿದ್ದೀರಿ. ಅದೇ ಆರು ತಿಂಗಳಲ್ಲಿ ನಿಮ್ಮ ಸಂಬಳದಿಂದ 31,200 ರೂಪಾಯಿ ದಾನಕ್ಕೆ ಹೋಗಿದೆ. ಆದ್ದರಿಂದ ಉಳಿದದ್ದಕ್ಕೆಲ್ಲ ಮೊದಲು ಇದನ್ನು ಹೇಳಿಬಿಡುತ್ತೇನೆ: ಈ ವಾರವೇ ಯಜಮಾನರನ್ನು ಕರೆದುಕೊಂಡು ಹೋಗಿ. ಸ್ಟೆಂಟ್ ಹಾಕಿದ ಮೇಲೆ ಅದು ಮುಚ್ಚಿಕೊಳ್ಳದಂತೆ ಕಾಯುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಬ್ಬಿನಂಶ ಇಳಿಸುವ ಮಾತ್ರೆ, ಹತೋಟಿಯಲ್ಲಿರುವ ರಕ್ತದೊತ್ತಡ ಮತ್ತು ಸಕ್ಕರೆ. ಯಾವ ಮಾತ್ರೆಯನ್ನೂ ವೈದ್ಯರು ಹೇಳದೆ ಬಿಡುವಂತಿಲ್ಲ. ದೇವರ ಕೃಪೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ನಾನೂ ದಿನಕ್ಕೆರಡು ಬಾರಿ ಕೈ ಮುಗಿಯುವವಳೇ. ಆದರೆ ಅಂದು ಐಸಿಯು ಬಾಗಿಲಲ್ಲಿ ನೀವು ಬೇಡಿಕೊಂಡದ್ದು ಇವರ ಜೀವವನ್ನು. ಆ ಜೀವ ಕೈಗೆ ಬಂದಿದೆ. ಅದನ್ನು ನೋಡಿಕೊಳ್ಳುವುದು ಹರಕೆಯ ಮೊದಲ ಕಂತು.

ನಾನು 26 ವರ್ಷ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಚಿಕಿತ್ಸೆಗೆ ದುಡ್ಡಿಲ್ಲದವರಿಗೆ ದಾನಿಗಳನ್ನು ಹುಡುಕುವುದು, ದಾನಿಗಳಿಗೆ ನಿಜವಾದ ಅಗತ್ಯವನ್ನು ತೋರಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯ ನಂತರ ತುಮಕೂರಿನಲ್ಲಿ ವಿದ್ಯಾರ್ಥಿವೇತನ ಕೊಡುವ ಒಂದು ಸಮಿತಿಯಲ್ಲಿದ್ದೇನೆ. ಕೊಡುವವರ ಮುಖ, ಪಡೆಯುವವರ ಮುಖ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಹರಕೆಯಿಂದ ಶುರುವಾದ ದಾನ ಎಷ್ಟೋ ಮನೆಗಳಲ್ಲಿ ಸುಂದರವಾದ ಅಭ್ಯಾಸವಾಗಿ ಬೆಳೆದಿರುವುದನ್ನು ಕಂಡಿದ್ದೇನೆ. ಹಾಗೆಯೇ ಅದು ಕಟ್ಟಲಾಗದ ಸಾಲದ ಹಾಗೆ ಎದೆಯ ಮೇಲೆ ಕುಳಿತಿರುವುದನ್ನೂ ಕಂಡಿದ್ದೇನೆ. ನಿಮ್ಮದು ಈಗ ಎರಡನೆಯ ದಾರಿಗೆ ಹೊರಳಿದೆ. ನೀವು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುವಂತೆಯೇ ದೇವರಿಗೂ ಬಡ್ಡಿ ಕಟ್ಟುತ್ತಿದ್ದೀರಿ, ತಪ್ಪಿದರೆ ಜಪ್ತಿಗೆ ಬರುತ್ತಾನೆಂಬ ಭಯದಲ್ಲಿ.

ಹತ್ತನೇ ಒಂದು ಪಾಲಿನ ಮಾತನ್ನು ನೋಡೋಣ. ಈ ಲೆಕ್ಕ ನಿಮ್ಮೊಬ್ಬರದಲ್ಲ. ಬೈಬಲ್ಲಿನಲ್ಲಿದೆ, ಸಿಖ್ಖರಲ್ಲಿ ದಸ್ವಂಧ್ ಎಂಬ ಹೆಸರಿನಲ್ಲಿದೆ, ನಮ್ಮ ಪುರಾಣ ಪರಂಪರೆಯಲ್ಲೂ ನ್ಯಾಯವಾಗಿ ಗಳಿಸಿದ್ದರಲ್ಲಿ ದಶಮಾಂಶವನ್ನು ತೆಗೆದಿಡುವ ಮಾತಿದೆ. ತಪ್ಪಾಗಿರುವುದು ‘ಯಾವುದರ ಹತ್ತನೇ ಪಾಲು’ ಎಂಬಲ್ಲಿ. ನೀವು ಕೊಬ್ಬರಿ ಮಾರಿದ ಪೂರ್ತಿ ಹಣದಲ್ಲಿ ಪಾಲು ತೆಗೆದಿದ್ದೀರಿ. ಕಾಯಿ ಕೀಳಿಸಿದ ಕೂಲಿ, ಅಟ್ಟಕ್ಕೆ ಸಾಗಿಸಿದ ಕೂಲಿ, ಹತ್ತು ಹನ್ನೊಂದು ತಿಂಗಳು ಕಾದು ಗಡಗಡ ಎನ್ನುವಾಗ ಸುಲಿಸಿ ಒಡೆಸಿದ ಕೂಲಿ, ಗೊಬ್ಬರ, ಕೊಳವೆಬಾವಿಯ ಮೋಟಾರು ರಿಪೇರಿ, ಇವು ಯಾವುವೂ ನಿಮ್ಮ ಆದಾಯವಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟು ಕೆಳಗಿತ್ತೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ವರ್ಷ ತೋಟದಿಂದ ನಿಜವಾಗಿ ಉಳಿದದ್ದೇನು ಎಂದು ಯಜಮಾನರನ್ನು ಕೇಳಿದರೆ, ಹತ್ತನೇ ಪಾಲು ತೆಗೆಯಲು ಅಲ್ಲಿ ಹತ್ತು ಪಾಲುಗಳೇ ಇರಲಿಲ್ಲ ಎನ್ನಬಹುದು.

ದಾನವನ್ನು ಕಟ್ಟುನಿಟ್ಟಾಗಿ ಕಡ್ಡಾಯ ಮಾಡಿದ ಇಸ್ಲಾಂ ಧರ್ಮವೂ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿದೆ ನೋಡಿ. ಮಳೆ ನೀರಿನಲ್ಲಿ ಬೆಳೆದ ಫಸಲಿಗೆ ಉಶ್ರ್ ಎಂದು ಹತ್ತನೇ ಒಂದು ಪಾಲು. ಅದೇ ಫಸಲನ್ನು ಖರ್ಚು ಮಾಡಿ ನೀರೆತ್ತಿ ಬೆಳೆದಿದ್ದರೆ ಇಪ್ಪತ್ತನೇ ಒಂದು ಪಾಲು. ವರ್ಷ ತುಂಬಿದ ಉಳಿತಾಯದ ಮೇಲಿನ ಜಕಾತ್ ಶೇಕಡ 2.5, ಅದೂ ನಿಸಾಬ್ ಎಂಬ ಮಿತಿ ದಾಟಿದವರಿಗೆ ಮಾತ್ರ. ಜಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲ ತೀರಿಸಲಾಗದವರದ್ದೂ ಒಂದು. ಸಾಲದಲ್ಲಿ ಸಿಕ್ಕಿಬಿದ್ದವರನ್ನು ಕೊಡುವವರ ಪಂಕ್ತಿಯಿಂದ ಎಬ್ಬಿಸಿ ಪಡೆಯುವವರ ಪಂಕ್ತಿಯಲ್ಲಿ ಕೂರಿಸಿದ್ದಾರೆ.

ನಮ್ಮ ಧರ್ಮಶಾಸ್ತ್ರವೂ ಇದನ್ನು ಬಾಯಿಬಿಟ್ಟು ಹೇಳಿದೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಸ್ವಂ ಕುಟುಂಬಾವಿರೋಧೇನ ದೇಯಂ’ ಎಂದಿದೆ. ಕೊಡುವುದು ನಿನ್ನದೇ ಆಗಿರಬೇಕು, ಕುಟುಂಬಕ್ಕೆ ತೊಂದರೆಯಾಗದಂತೆ ಕೊಡಬೇಕು ಎಂದು ಅರ್ಥ. ಈ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ. ನಿಮ್ಮ ವಿಷಯದಲ್ಲಿ ಈ ಚಿಕ್ಕ ವಾಕ್ಯದ ಎರಡು ತುದಿಗಳೂ ಮುರಿದಿವೆ. ಸಾಲದ ಹಣ ನಿಮ್ಮದಲ್ಲ. ತಪಾಸಣೆ ತಪ್ಪಿದ್ದರಿಂದ ಕುಟುಂಬಕ್ಕೆ ತೊಂದರೆ ಆಗಿದೆ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವೂ ಇದೆ. ನಿಮ್ಮ ಮನೆಯೊಳಗೆ ಇವತ್ತು ಎಲ್ಲಕ್ಕಿಂತ ಹೆಚ್ಚು ಕೊರತೆಯಾಗಿರುವುದು ಆ ಕೊನೆಯದು.

ಹಾಗಾದರೆ ಹೊತ್ತ ಹರಕೆಯನ್ನು ಬದಲಾಯಿಸಬಹುದೇ? ಬದಲಾಯಿಸಬಹುದು, ಅದಕ್ಕೆ ನಮ್ಮ ಹಳ್ಳಿಗಳಲ್ಲಿ ದಾರಿ ಮೊದಲಿನಿಂದಲೂ ಇದೆ. ನಮ್ಮ ಅಜ್ಜಿ ಮಾಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಹರಕೆ ತೀರಿಸಲಾಗದ ವರ್ಷ ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಅದರಲ್ಲಿ ಒಂದು ನಾಣ್ಯವಿಟ್ಟು ಗಂಟು ಹಾಕಿ ದೇವರ ಪಟದ ಹಿಂದೆ ಇಡುತ್ತಿದ್ದರು. ‘ಕೈಲಾಗಲಿಲ್ಲ, ಕೈಲಾದಾಗ ಮಾಡುತ್ತೇನೆ’ ಎಂದು ಜೋರಾಗಿ ಹೇಳಿ, ಹಣೆಗೆ ಅರಿಶಿನದ ಕೈ ತಾಗಿಸಿಕೊಂಡು ಎದ್ದು ಹೋಗಿ ಎಮ್ಮೆ ಹಿಂಡುತ್ತಿದ್ದರು. ಅಷ್ಟೇ. ಅವರಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತು. ಆಮೇಲೆ ದೇವಸ್ಥಾನಕ್ಕೆ ಹೋದಾಗ ತಪ್ಪು ಕಾಣಿಕೆ ಹಾಕುತ್ತಿದ್ದರು. ದೇವರನ್ನು ಮನೆಯ ಹಿರಿಯರ ಹಾಗೆ ನಂಬಿದವರು ಕಷ್ಟ ಹೇಳಿಕೊಳ್ಳಲು ಹೆದರುವುದಿಲ್ಲ. ನಿಮ್ಮ ಮನೆದೇವರ ಮುಂದೆ ನೀವೂ ಹೀಗೆ ಕುಳಿತು ಹೇಳಿ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅಷ್ಟರೊಳಗೆ ಬಳೆಯ ವಿಷಯ ಅವರಿಗೆ ತಿಳಿದಿರಲಿ. ಗುಟ್ಟಾಗಿ ಉಳಿದಷ್ಟೂ ಆ ಸಾಲ ಭಾರವಾಗುತ್ತದೆ. ಬಡ್ಡಿ ತಪ್ಪಿದರೆ ಹರಾಜಿನ ನೋಟಿಸು ಮನೆ ಬಾಗಿಲಿಗೇ ಬರುತ್ತದೆ, ಅದನ್ನು ತೆರೆದು ಓದುವವರು ಅವರೇ ಆಗಿರಬಹುದು.

ಇಷ್ಟಾದರೂ ಭಯ ಹೋಗದಿದ್ದರೆ, ಹಣ ಕೊಟ್ಟೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎಣಿಸುವಂತಾದರೆ, ನಿದ್ದೆ ಕೆಡುತ್ತಿದ್ದರೆ, ಅದನ್ನು ಭಕ್ತಿಯ ಕೊರತೆ ಎಂದುಕೊಳ್ಳಬೇಡಿ. ಐಸಿಯು ಬಾಗಿಲಲ್ಲಿ ನಿಂತ ಎಷ್ಟೋ ಹೆಂಗಸರಲ್ಲಿ ಆ ಗಳಿಗೆಯ ಭಯ ವರ್ಷಗಟ್ಟಲೆ ಉಳಿದುಕೊಂಡಿದ್ದನ್ನು ನಾನು ನೋಡಿದ್ದೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಇನ್ನು ಆ ಹುಡುಗ. ‘ಅಪಾತ್ರ ದಾನ’ ಎಂಬ ಪದವನ್ನು ನಾವು ಬಹಳ ಸಲೀಸಾಗಿ ಎಸೆಯುತ್ತೇವೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಸಾತ್ವಿಕ, ರಾಜಸ, ತಾಮಸ ಎಂದು ಮೂರಾಗಿ ಹೇಳಿದೆ. ಅಪಾತ್ರರಿಗೆ ಕೊಟ್ಟದ್ದು ತಾಮಸ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದೇ ಶ್ಲೋಕದಲ್ಲಿ, ಗೌರವವಿಲ್ಲದೆ ತಿರಸ್ಕಾರದಿಂದ ಕೊಟ್ಟದ್ದೂ ತಾಮಸ ಎಂದಿರುವುದನ್ನು ಮರೆತಿದ್ದಾರೆ. ಅದರ ಹಿಂದಿನ ಶ್ಲೋಕದಲ್ಲಿ, ಪ್ರತಿಫಲ ಬಯಸಿ ಕೊಟ್ಟದ್ದು ಮತ್ತು ಮನಸ್ಸು ನೊಂದುಕೊಂಡು ಕೊಟ್ಟದ್ದು ರಾಜಸ ಎಂದಿದೆ. ಪಡೆಯುವವನ ಯೋಗ್ಯತೆಯ ಬಗ್ಗೆ ಒಂದು ಮಾತಿದ್ದರೆ ಕೊಡುವವರ ಮನಸ್ಸಿನ ಬಗ್ಗೆ ಮೂರು ಮಾತುಗಳಿವೆ. ನೀವು ಆ ಹುಡುಗನಿಗೆ ಪ್ರೀತಿಯಿಂದ, ಅವನಿಗೆ ಓದಲು ಮನಸ್ಸಿದೆ ಎಂದು ತಿಳಿದು ಕೊಟ್ಟಿರಿ. ಅದರಲ್ಲಿ ಪಾಪವೇನೂ ಇಲ್ಲ.

ಅವನು ಅಪಾತ್ರ ಎಂದು ನೀವು ತೀರ್ಮಾನಿಸಿದ್ದಾದರೂ ಹೇಗೆ? ಬೈಕು ನೋಡಿ. ಅವನನ್ನು ಕರೆದು ಏಕೆ ಬಿಟ್ಟೆ ಎಂದು ಕೇಳಿದ ಮಾತು ನಿಮ್ಮ ಪತ್ರದಲ್ಲಿಲ್ಲ. ಸಮಿತಿಯ ಕೆಲಸದಲ್ಲಿ ನಾನು ಓದು ಬಿಟ್ಟ ಹುಡುಗರ ಮನೆಗಳಿಗೆ ಹೋಗುತ್ತೇನೆ. ಹಣವನ್ನು ಬೇಕೆಂದೇ ಹಾಳು ಮಾಡಿದವರು ಸಿಗುವುದಿಲ್ಲ ಎನ್ನಲಾರೆ, ಸಿಗುತ್ತಾರೆ. ಆದರೆ ಹೆಚ್ಚಿನ ಮನೆಗಳಲ್ಲಿ ಕಾಣುವುದು ಬೇರೆ. ಶುಲ್ಕ ಎನ್ನುವುದು ಓದಿನ ಖರ್ಚಿನ ಒಂದು ಪಾಲು ಮಾತ್ರ. ಪ್ರಯಾಣ, ಊಟ, ಡ್ರಾಯಿಂಗ್ ಸಾಮಾನು, ಪರೀಕ್ಷಾ ಶುಲ್ಕ ಇವೆಲ್ಲ ಮೇಲೆ ಬೀಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಮೊದಲ ಸೆಮಿಸ್ಟರಿನಲ್ಲೇ ಗಣಿತದಲ್ಲಿ ನಪಾಸಾಗಿ, ಯಾರಿಗೂ ಹೇಳಿಕೊಳ್ಳಲಾಗದೆ ಸುಮ್ಮನಾಗುತ್ತಾನೆ. ಅಪ್ಪ ತೆಂಗಿನ ಮರದಿಂದ ಬಿದ್ದು ಮನೆ ಹಿಡಿದಿರುತ್ತಾನೆ. ಅಷ್ಟರಲ್ಲಿ ವಸಂತನರಸಾಪುರದ ಯಾವುದೋ ಕಾರ್ಖಾನೆಗೆ ಹುಡುಗರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಬರುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲದ ಊರಿನವನಿಗೆ ಬೈಕು ಶೋಕಿಯಲ್ಲ, ಕಂತಿನಲ್ಲಿ ಕೊಂಡ ಕೆಲಸದ ಸಾಮಾನು. ನಿಮ್ಮ ಹುಡುಗನ ಕಥೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಕೇಳದೆ ತೀರ್ಪು ಕೊಡಬೇಡಿ ಎನ್ನುತ್ತಿದ್ದೇನೆ. ಕೊಟ್ಟ ಮೇಲೆ ಅವನ ಕಡೆ ತಿರುಗಿ ನೋಡದೆ ಒಂದು ವರ್ಷ ಬಿಟ್ಟದ್ದು ನಿಮ್ಮ ಕಡೆಯ ಕೊರತೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಹದಿನಾಲ್ಕು ವರ್ಷದ ಹಿಂದೆ ಒಂದು ಸಂಸ್ಥೆಯ ಸಮಾರಂಭದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ನೆರವು ಕೊಡಿಸಿದೆ. ಅರ್ಜಿ ಬರೆದವಳು ನಾನು, ದಾನಿಯನ್ನು ಹುಡುಕಿದವಳು ನಾನು, ಅವಳನ್ನು ವೇದಿಕೆಗೆ ಹತ್ತಿಸಿದವಳೂ ನಾನೇ. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕನ್ನು ಅವಳ ಕೈಗೆ ಹಿಡಿಸಿದರು. ಸಮವಸ್ತ್ರದ ತೋಳಿನ ಹೊಲಿಗೆ ಬಿಚ್ಚಿದ್ದಕ್ಕೆ ಮನೆಯಲ್ಲಿ ಬೇರೆ ಬಣ್ಣದ ದಾರದಿಂದ ಹೊಲಿದಿದ್ದರು. ಕೈ ಮೇಲೆತ್ತಿದಾಗ ಆ ದಾರ ಎದ್ದು ಕಾಣುತ್ತಿತ್ತು. ಫೋಟೊ ತೆಗೆಯುವವನು ‘ಇಲ್ಲಿ ನೋಡಮ್ಮ’ ಎಂದು ಮೂರು ಸಲ ಕೂಗಿದ. ಅವಳು ಮೂರು ಸಲವೂ ತನ್ನ ಚಪ್ಪಲಿಯನ್ನೇ ನೋಡಿದಳು. ಮರುದಿನ ಪತ್ರಿಕೆಯಲ್ಲಿ ‘ಬಡ ವಿದ್ಯಾರ್ಥಿನಿಗೆ ನೆರವು’ ಎಂದು ಫೋಟೊ ಬಂತು. ನಾನು ಕತ್ತರಿಸಿ ಇಟ್ಟುಕೊಂಡೆ.

ಎರಡು ತಿಂಗಳ ನಂತರ ಅವಳು ಶಾಲೆಗೆ ಬರುತ್ತಿಲ್ಲವೆಂದು ತಿಳಿಯಿತು. ಕೊರಟಗೆರೆ ಕಡೆಯ ಅವಳ ಊರಿಗೆ ಹೋದೆ. ತಾಯಿ ಜಗುಲಿಯ ಮೇಲೆ ಚಾಪೆ ಹಾಸಿ, ನನಗೆ ಲೋಟ ತುಂಬ ಮಜ್ಜಿಗೆ ಕೊಟ್ಟು, ಬಹಳ ಹೊತ್ತಿನ ಮೇಲೆ ಹೇಳಿದರು: ‘ಶಾಲೆಯಲ್ಲಿ ಹುಡುಗಿಯರು ಅವಳನ್ನು ಚೆಕ್ಕು ಎಂದು ಕೂಗುತ್ತಾರಮ್ಮ.’ ಹುಡುಗಿ ಒಳಗೇ ಇದ್ದಳು, ಹೊರಗೆ ಬರಲಿಲ್ಲ. ಆ ಹಣ ಪೈಸೆಯೂ ಪೋಲಾಗದೆ ಶಾಲೆಗೆ ಸಂದಿತ್ತು, ರಸೀದಿ ನನ್ನ ಕಡತದಲ್ಲಿತ್ತು. ಹುಡುಗಿ ಮಾತ್ರ ಶಾಲೆಯಲ್ಲಿರಲಿಲ್ಲ. ಆ ಫೋಟೊ ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎಸೆಯಲು ಮನಸ್ಸು ಬಂದಿಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ನನಗೆ ಹೊಟ್ಟೆಗಿಳಿದದ್ದು ಆ ಜಗುಲಿಯ ಮೇಲೆ. ಶರಣರು ಬೇಕೆಂದೇ ಈ ಪದವನ್ನು ಹಿಡಿದರು. ದಾಸೋಹದಲ್ಲಿ ಕೊಡುವವನೇ ದಾಸ. ಎದುರಿಗೆ ಕುಳಿತು ಉಣ್ಣುವವನು ಜಂಗಮ, ಅಂದರೆ ದೇವರ ಸ್ವರೂಪ. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯನವರ ಕಥೆ ನಿಮ್ಮ ತರಗತಿಯ ಮಕ್ಕಳಿಗೆ ನೀವೇ ಹೇಳಿರುತ್ತೀರಿ. ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಾನೆ, ಅದರಲ್ಲೇ ಇಬ್ಬರೂ ದಾಸೋಹ ನಡೆಸುತ್ತಾರೆ. ಒಂದು ದಿನ ಅವನು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಇಷ್ಟೇಕೆ ತಂದೆ, ಇದ್ದಲ್ಲೇ ಹಾಕಿ ಬಾ ಎಂದು ಹಿಂದಕ್ಕೆ ಕಳಿಸುತ್ತಾಳೆ. ನಾವು ಈ ಕಥೆಯನ್ನು ದುರಾಸೆಯ ವಿರುದ್ಧ ಹೇಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಹೆಚ್ಚು ಅಕ್ಕಿ ಇದ್ದರೆ ಹೆಚ್ಚು ಜನಕ್ಕೆ ಬಡಿಸಬಹುದಿತ್ತಲ್ಲ? ದಾಸೋಹದ ಹೆಸರಿನಲ್ಲಿ ಬಂದ ಆಸೆಯೂ ಆಸೆಯೇ ಎಂದು ಅವಳಿಗೆ ಗೊತ್ತಿತ್ತು. ಇವತ್ತಿನ ಕಾಯಕಕ್ಕೆ ಇವತ್ತು ಸಿಕ್ಕಿದ್ದಷ್ಟರಲ್ಲೇ ಅವಳ ದಾಸೋಹ. ಅಡವಿಟ್ಟ ಬಳೆಯ ಹಣವನ್ನು ಲಕ್ಕಮ್ಮ ಎಲ್ಲಿ ಹಾಕಿ ಬಾ ಎನ್ನುತ್ತಿದ್ದಳೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಲ್ಲಿನ ಮೇಲಿನ ಹೆಸರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂತೋಷವಾದರೆ ಪುಣ್ಯ ಹೋಗುತ್ತದೆ ಎಂಬುದು ಸುಳ್ಳು. ಕೊಟ್ಟಾಗ ಹಿಗ್ಗುವುದು ಮನುಷ್ಯರ ಸ್ವಭಾವ, ಹಿಗ್ಗಿಲ್ಲದೆ ಕೊಡುವವರು ಬಹಳ ದಿನ ಕೊಡಲಾರರು. ಹೆಸರು ನೋಡಿ ಇನ್ನೊಬ್ಬರು ಕೊಡಲು ಮುಂದೆ ಬರುವುದೂ ಉಂಟು. ಕಲ್ಲನ್ನು ಕೀಳಿಸಲು ಹೋಗಬೇಡಿ. ಮನಸ್ಸಿಗೆ ಹಿತವಿಲ್ಲದಿದ್ದರೆ ಮುಂದಿನ ಸಲ ಹೆಸರು ಬೇಡವೆನ್ನಿ, ಸಾಕು. ಒಮ್ಮೆ ಸಿದ್ಧಗಂಗೆಗೆ ಹೋದಾಗ ಅಡುಗೆ ಮನೆಯ ಕಡೆ ಹೋಗಿ ನಿಂತು ನೋಡಿ. ಊರೂರಿನ ರೈತರು ತಂದುಕೊಟ್ಟ ರಾಗಿ, ತೆಂಗಿನಕಾಯಿ, ತರಕಾರಿ ಎಲ್ಲ ಒಂದಾಗಿ ಬೆರೆತುಹೋಗುತ್ತದೆ. ಸಾವಿರಾರು ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕುಳಿತಾಗ ಯಾರ ಹೊಲದ ರಾಗಿ ಯಾವ ಮಗುವಿನ ಮುದ್ದೆಯಾಯಿತೆಂದು ಯಾರೂ ಹೇಳಲಾರರು. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಊರೂರು ತಿರುಗಿ ದವಸ ಕೂಡಿಸಿ ಬೆಳೆಸಿದ ದಾಸೋಹ ಅದು. ಒಂದು ಮೂಟೆ ರಾಗಿ ಕೊಟ್ಟ ರೈತನಿಗೂ ಅಲ್ಲಿ ಅದೇ ಮುದ್ದೆ, ಅದೇ ಸಾಲು.

ಈಗ ಮುಂದಿನ ದಾರಿ. ನಿಮ್ಮ ಪತ್ರದ ಜೊತೆಗಿದ್ದ ಲೆಕ್ಕದ ಪ್ರಕಾರ ಕೈಗೆ ಬರುವ ಸಂಬಳ 52,000. ಮನೆ ಸಾಲದ ಕಂತು 14,000, ಮಗಳ ಹಾಸ್ಟೆಲಿಗೆ 9,000, ಯಜಮಾನರ ಔಷಧಿಗೆ 3,500. ಉಳಿಯುವುದು 25,500. ಮನೆ ನಡೆಯುವುದು ಇದರಲ್ಲಿ. ಹತ್ತನೇ ಪಾಲನ್ನು ಇದರಿಂದ ತೆಗೆದರೆ 2,550 ಆಗುತ್ತದೆ. ನನ್ನ ಸಲಹೆ ಕೇಳಿದರೆ, ಬಳೆ ಮನೆಗೆ ಬರುವವರೆಗೆ ಅದನ್ನೂ ಕೊಡಬೇಡಿ. ತಿಂಗಳಿಗೆ 500 ರೂಪಾಯಿ ಮಾತ್ರ ದಾನಕ್ಕೆ ಮೀಸಲಿಟ್ಟು, ಈವರೆಗೆ ದಾನಕ್ಕೆ ಹೋಗುತ್ತಿದ್ದ ಹಣದಲ್ಲಿ ಉಳಿದದ್ದನ್ನು ಬಳೆಯ ಸಾಲಕ್ಕೆ ಕಟ್ಟಿ. ಇದರಲ್ಲಿ ಒಂದು ಅಪಾಯವಿದೆ. ಒಮ್ಮೆ ಕಡಿಮೆ ಮಾಡಿದ್ದು ಸಾಲ ತೀರಿದ ಮೇಲೂ ಹಾಗೆಯೇ ಉಳಿದುಬಿಡಬಹುದು, ಕೈ ಬಿಗಿಹಿಡಿಯುವುದೂ ಒಂದು ಅಭ್ಯಾಸವೇ. ಅದಕ್ಕೇ ಪೂರ್ತಿ ನಿಲ್ಲಿಸಬೇಡಿ ಎನ್ನುತ್ತಿರುವುದು. ತೋಟದ ಪಾಲನ್ನು ಹಣದಲ್ಲಿ ಲೆಕ್ಕ ಹಾಕದೆ ಕಾಯಿಯಲ್ಲೇ ಕೊಡಬಹುದು. ಫಸಲು ಬಂದ ವರ್ಷ ಹೆಚ್ಚು ಕಾಯಿ, ಬಾರದ ವರ್ಷ ಕಡಿಮೆ ಕಾಯಿ. ಆಗ ಹರಕೆ ಮಳೆಯ ಜೊತೆಗೆ ತಾನೇ ಏರಿಳಿಯುತ್ತದೆ.

ಲೆಕ್ಕ ಇಡಬಾರದು ಎಂದು ಯಾರೋ ಹೇಳಿದ್ದಾರೆಂದು ಬರೆದಿದ್ದೀರಿ. ಇಡಿ. ನೆನಪಿನಲ್ಲಿಟ್ಟುಕೊಂಡು ಎತ್ತಿ ಆಡುವುದು ತಪ್ಪು, ಪುಸ್ತಕದಲ್ಲಿ ಬರೆದಿಡುವುದು ತಪ್ಪಲ್ಲ. ಬರೆದಿಟ್ಟಿದ್ದರೆ ಬಳೆ ಅಡವಿಡುವ ಮೊದಲೇ ಎಲ್ಲಿ ಎಡವುತ್ತಿದ್ದೀರೆಂದು ಕಾಣುತ್ತಿತ್ತು.

ವಿದ್ಯಾರ್ಥಿಗೆ ಕೊಡುವುದಾದರೆ ಶುಲ್ಕವನ್ನು ಕಾಲೇಜಿಗೇ ಕಟ್ಟಿ, ರಸೀದಿ ಮನೆಯವರ ಹೆಸರಿನಲ್ಲಿರಲಿ. ಪೂರ್ತಿ ಮೊತ್ತ ಒಂದೇ ಸಲ ಕೊಡುವ ಬದಲು ಸೆಮಿಸ್ಟರಿಗೆ ಒಂದು ಸಲ ಕೊಟ್ಟರೆ ಮಾತನಾಡಲು ನೆಪ ಸಿಗುತ್ತದೆ. ಆದರೆ ಅಂಕಪಟ್ಟಿ ತೋರಿಸಿದರೆ ಮಾತ್ರ ಕೊಡುತ್ತೇನೆ ಎಂದು ಷರತ್ತು ಹಾಕಿದರೆ ನಪಾಸಾದ ಮಗು ನಿಮ್ಮ ಮನೆ ಕಡೆಯೇ ಸುಳಿಯುವುದಿಲ್ಲ. ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ ಅದನ್ನು ಕಳೆದುಕೊಳ್ಳುತ್ತೀರಿ. ಮೊಬೈಲಿನಲ್ಲಿ ಬರುವ ಚಿಕಿತ್ಸೆಯ ಮನವಿಗಳಿಗೆ ಕೂಡಲೇ ಹಣ ಕಳಿಸಬೇಡಿ. ಹಳೆಯ ಫೋಟೊ, ಬೇರೆಯವರ ಖಾತೆ ಹಾಕಿ ಕಳಿಸುವವರಿದ್ದಾರೆ. ಆಸ್ಪತ್ರೆಗೆ ಫೋನ್ ಮಾಡಿ ಒಳರೋಗಿಯ ಸಂಖ್ಯೆ ಸರಿಯಿದೆಯೇ ಎಂದು ಕೇಳಿ, ಹಣವನ್ನು ಆಸ್ಪತ್ರೆಯ ಖಾತೆಗೇ ಹಾಕಿ. ಸಂಸ್ಥೆಗಳಿಗೆ ಕೊಡುವಾಗ ರಸೀದಿ ಕೇಳಲು ಸಂಕೋಚಪಡಬೇಡಿ. 80ಜಿ ಎಂದು ನಮಗೆಲ್ಲ ಪರಿಚಿತವಾದ ತೆರಿಗೆ ರಿಯಾಯಿತಿ 2,000ಕ್ಕಿಂತ ಹೆಚ್ಚಿನ ನಗದಿಗೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಹಣಕ್ಕಿಂತ ದೊಡ್ಡದೊಂದು ನಿಮ್ಮ ಕೈಯಲ್ಲಿದೆ, ಅದನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನೀವು ಓದುಬರಹ ಬಲ್ಲ ಶಿಕ್ಷಕಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡು ಮಾಡಿಸದೆ, ಆಧಾರಿನಲ್ಲಿ ಹೆಸರು ತಪ್ಪಾಗಿ, ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಅಳುವುದನ್ನು 26 ವರ್ಷದ ಕೊನೆಯ ಭಾಗದಲ್ಲಿ ದಿನವೂ ನೋಡಿದೆ. ಬಡ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತುಹೋಗುತ್ತವೆ. ಶನಿವಾರ ಮಧ್ಯಾಹ್ನ ಶಾಲೆಯ ಜಗುಲಿಯಲ್ಲಿ ಎರಡು ಗಂಟೆ ಕುಳಿತು ಊರಿನವರ ಕಾಗದಪತ್ರ ಸರಿಮಾಡಿಕೊಟ್ಟರೆ, ನಿಮ್ಮ 5,200ರಿಂದ ಆಗದ ಕೆಲಸ ಆಗುತ್ತದೆ. ಇದನ್ನೂ ಹರಕೆಗೆ ಸೇರಿಸಿಕೊಳ್ಳಿ, ಮನೆದೇವರ ಮುಂದೆ ಕುಳಿತಾಗ ಇದನ್ನೇ ಹೇಳಿ.

ಆ ಹುಡುಗನ ಮನೆಗೆ ಒಂದು ಭಾನುವಾರ ಹೋಗಿ ಬನ್ನಿ. ಲೆಕ್ಕ ಕೇಳಲು ಬಂದಿಲ್ಲ ಎಂಬುದು ನಿಮ್ಮ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯುವಂತಿರಲಿ. ಕೆಲಸ ಹೇಗಿದೆ, ರಾತ್ರಿ ಪಾಳಿಯಲ್ಲಿ ಊಟ ಎಲ್ಲಿ ಮಾಡುತ್ತಾನೆ, ಮುಂದೆ ಓದುವ ಮನಸ್ಸಿದೆಯೇ ಎಂದು ಕೇಳಿ. ಅವನ ತಾಯಿ ಕಾಫಿಯನ್ನೋ ಮಜ್ಜಿಗೆಯನ್ನೋ ತಂದುಕೊಟ್ಟರೆ ಬೇಡವೆನ್ನದೆ ಕುಡಿಯಿರಿ. ಬೈಕಿನ ಮಾತನ್ನು ಮಾತ್ರ ಮೊದಲ ದಿನ ಎತ್ತಬೇಡಿ, ಅವನೇ ಹೇಳುತ್ತಾನೆ.